ಅಟ್ಟ ನೋಡುವ ಹೊತ್ತು

ಮನೆ ನೀವೇ ನೋಡಿಕೊಡಬೇಕು, ಆದರೆ ಈಗಲೇ ಬೇಡ ಎಂದು ಕೊಳ್ಳುವವರು ಫೋನಿನಲ್ಲಿ ಹೇಳಿದಾಗಲೇ ನನಗೆ ಒಳಗೊಳಗೇ ಸಿಟ್ಟು ಬಂದಿತ್ತು. ಲಂಡನ್ನಿನ ಕ್ರೋಯ್ಡನ್‌ನ ಒಂದು ಸಣ್ಣ ಕಚೇರಿಯಲ್ಲಿ ನಾನು ಕಟ್ಟಡಗಳ ಸರ್ವೇಯರ್. ಮನೆ ಕೊಳ್ಳುವವರ ಪರವಾಗಿ ಹೋಗಿ, ಮಾಡು, ಗೋಡೆ, ನೆಲ, ಚರಂಡಿ ಎಲ್ಲವನ್ನೂ ನೋಡಿ, ಎಲ್ಲಿ ಏನು ಕೆಟ್ಟಿದೆ ಎಂದು ವರದಿ ಬರೆದುಕೊಡುವುದು ನನ್ನ ಕೆಲಸ. ಡಾಕ್ಟರ ಹತ್ತಿರ ಹೋಗಿ, ನೋಡಿ, ಆದರೆ ಮುಂದಿನ ತಿಂಗಳು ನೋಡಿ ಎಂದು ಯಾರೂ ಹೇಳುವುದಿಲ್ಲ. ನನಗೆ ಮಾತ್ರ ಹೇಳುತ್ತಾರೆ.

ಕೊಳ್ಳುವವರು ಗಂಡ ಹೆಂಡತಿ. ಆತ ಬೆಂಗಳೂರಿನವನು, ಆಫೀಸು ಕೆಲಸ. ಆಕೆ ಧಾರವಾಡದವಳು, ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವ ಕೆಲಸ. ಬಾಡಿಗೆ ಫ್ಲ್ಯಾಟುಗಳಲ್ಲಿ ವರ್ಷಗಟ್ಟಲೆ ಕಳೆದು ಸಾಕಾಗಿ, ಕೊನೆಗೆ ಹೇಸ್‌ನಲ್ಲಿ ಒಂದಕ್ಕೊಂದು ಅಂಟಿದ ಸಾಲುಮನೆಗಳಲ್ಲಿ ಒಂದನ್ನು ಮೆಚ್ಚಿದ್ದರು. ಮಾರುತ್ತಿದ್ದವರೂ ಕನ್ನಡದವರೇ, ಮೈಸೂರಿನ ಕಡೆಯವರು. ಈಸ್ಟ್ ಹ್ಯಾಮ್‌ನಲ್ಲಿ ಅವರು ನಡೆಸುತ್ತಿದ್ದ ಹೋಟೆಲ್ಲು ಮುಚ್ಚಿಹೋಗಿತ್ತು. ಅದಕ್ಕೆಂದು ಮನೆಯ ಮೇಲೆ ತೆಗೆದ ಸಾಲ ಮನೆಯ ಬೆಲೆಯನ್ನೇ ಮೀರಿತ್ತು. ಯಜಮಾನರು ಈಗ ಏರ್‌ಪೋರ್ಟಿನ ಹತ್ತಿರದ ಗೋದಾಮಿನಲ್ಲಿ ರಾತ್ರಿ ಪಾಳಿಗೆ ಹೋಗುತ್ತಿದ್ದರು.

ಇಂಥ ಮಾರಾಟಕ್ಕೆ ಅಮೆರಿಕದವರು ಶಾರ್ಟ್ ಸೇಲ್ ಎಂದು ಹೆಸರಿಟ್ಟಿದ್ದಾರೆ. ಇಲ್ಲಿ ಅಂಥ ಹೆಸರೇನೂ ಬಳಕೆಯಲ್ಲಿಲ್ಲ, ಫಜೀತಿ ಮಾತ್ರ ಅದೇ. ಬರಬೇಕಾದ ಸಾಲಕ್ಕಿಂತ ಕಡಿಮೆ ಬೆಲೆಗೆ ಮನೆ ಹೋಗಲಿ ಎಂದು ಬ್ಯಾಂಕು ಒಪ್ಪಬೇಕು. ಅದು ಒಪ್ಪುವ ತನಕ ಕೊಳ್ಳುವವರು ಮಾರುವವರು ಕೈಕುಲುಕಿ ಪ್ರಯೋಜನವಿಲ್ಲ. ಒಪ್ಪಿದರೆ ಒಂದು ಬೆಲೆ ಹೇಳುತ್ತದೆ, ಜೊತೆಗೆ ಒಂದು ಗಡುವು ಕೊಡುತ್ತದೆ. ಗಡುವಿನೊಳಗೆ ಮಾರಾಟ ಮುಗಿಯದಿದ್ದರೆ ಕಂತು ತಪ್ಪಿದ್ದಕ್ಕೆ ಬ್ಯಾಂಕು ಹಾಕಿ ಅಲ್ಲಿಯವರೆಗೆ ಮುಂದೂಡುತ್ತ ಬಂದ ಕೋರ್ಟಿನ ಕೇಸು ಮತ್ತೆ ಎದ್ದು ಕೂರುತ್ತದೆ. ಆಮೇಲೆ ಕೋರ್ಟಿನವರು ಬಂದು ಬೀಗ ಬದಲಿಸುತ್ತಾರೆ, ಮನೆ ಹರಾಜಿಗೆ ಹೋಗುತ್ತದೆ. ಎಷ್ಟಕ್ಕೇ ಹೋಗಲಿ, ತೀರದೆ ಉಳಿದ ಸಾಲ ಮಾರಿದವರ ಹೆಗಲ ಮೇಲೇ ಇರುತ್ತದೆ.

ಹಾಗಾಗಿ ಇಂಥ ಮನೆಯನ್ನು ಯಾವಾಗ ಪರೀಕ್ಷಿಸಬೇಕು ಎಂಬುದೇ ಒಂದು ದೊಡ್ಡ ಪ್ರಶ್ನೆ. ಬ್ಯಾಂಕು ಒಪ್ಪುವ ಮುಂಚೆಯೇ ಪರೀಕ್ಷಿಸಿ, ಕೊನೆಗೆ ಅದು ಒಪ್ಪದೇ ಹೋದರೆ ನನಗೆ ಕೊಟ್ಟ ಶುಲ್ಕ ನೀರಿನಲ್ಲಿ ಹೋಮ. ಒಪ್ಪಿದ ಮೇಲೆ ಪರೀಕ್ಷಿಸಿದರೆ, ಆಗ ಏನಾದರೂ ದೋಷ ಸಿಕ್ಕಿತೆಂದುಕೊಳ್ಳಿ, ಬೆಲೆಯ ಮಾತು ಮೊದಲಿನಿಂದ ಶುರುವಾಗಬೇಕು. ಬ್ಯಾಂಕಿನ ಫೈಲು ಮತ್ತೆ ಅಡಿಗೆ ಹೋಗುತ್ತದೆ, ಗಡುವು ಮಾತ್ರ ಯಾರಿಗೂ ಕಾಯುವುದಿಲ್ಲ. ನನ್ನ ಅಭಿಪ್ರಾಯ ಯಾವತ್ತೂ ಒಂದೇ: ಮೊದಲು ನೋಡಿ, ಆಮೇಲೆ ಬ್ಯಾಂಕಿನ ಬಾಯಿಂದ ಬೆಲೆ ಹೇಳಿಸಿ.

ಇದನ್ನೆಲ್ಲ ವಿವರಿಸಿದೆ. ಆತ ಶುಲ್ಕದ ಮಾತೆತ್ತಿದ. ಆದರೆ ನಿಜವಾದ ಅಡ್ಡಿ ಶುಲ್ಕವಾಗಿರಲಿಲ್ಲ, ಅದು ಆಮೇಲೆ ಆಕೆಯ ಬಾಯಿಂದ ಹೊರಗೆ ಬಂತು.

"ಆ ಮನ್ಯಾಗ ಊಟ ಮಾಡಿ ಬಂದೇವ್ರಿ ಅಕ್ಕಾರ. ಅರಿಷಿಣ ಕುಂಕುಮ ಕೊಟ್ಟು ಕಳಿಸ್ಯಾರ. ಮರುವಾರನ ನಿಮ್ಮನ್ನ ಟಾರ್ಚ್ ಹಿಡಿಸಿ ಕಳಿಸಿದ್ರ ಅವರ ಮನಸಿಗೆ ಹೆಂಗ ಆಗಬ್ಯಾಡ?"

ದಾಕ್ಷಿಣ್ಯ. ಮನೆ ನೋಡಲು ಹೋದವರು ಬಿಸಿಬೇಳೆಬಾತು ತಿಂದು, ಎರಡನೇ ಸಲ ಬಡಿಸಿಕೊಂಡು, ಒಂದು ಕಪಾಟಿನ ಬಾಗಿಲನ್ನೂ ತೆಗೆದು ನೋಡದೆ ಹಿಂದಿರುಗಿದ್ದರು. ಬೇರೆಯವರ ಮನೆಯಾಗಿದ್ದರೆ ನಲ್ಲಿ ತಿರುಗಿಸಿ, ಕಾರ್ಪೆಟ್ಟಿನ ಮೂಲೆ ಎತ್ತಿ ನೋಡುತ್ತಿದ್ದರು. ನಮ್ಮವರು, ಅದೂ ಕಷ್ಟದಲ್ಲಿರುವವರು ಎಂದ ಕೂಡಲೇ ಬಾಯಿ ಕಟ್ಟಿಹೋಗಿತ್ತು. ನನಗೆ ನಗು ಬಂತು, ಸಿಟ್ಟೂ ಬಂತು. ಇಡೀ ಜೀವಮಾನ ತೀರಿಸಬೇಕಾದ ಸಾಲಕ್ಕೆ ಸಹಿ ಹಾಕಲು ಹೊರಟವರಿಗೆ ಇಷ್ಟು ಸಂಕೋಚ ಒಳ್ಳೆಯದಲ್ಲ ಎಂದು ಮುಖ ಮುರಿದ ಹಾಗೆ ಹೇಳಿಬಿಟ್ಟೆ. ಹೋಗಿ ಬರ್ರಿ ಎಂದಳು ಆಕೆ.

ಹೇಸ್‌ಗೆ ರೈಲಿನಲ್ಲೇ ಹೋದೆ. ಮಡಚುವ ಏಣಿ, ತೇವ ಅಳೆಯುವ ಮೀಟರು, ಬೈನಾಕ್ಯುಲರು, ಟಾರ್ಚು ಇಷ್ಟನ್ನೂ ನೇತುಹಾಕಿಕೊಂಡು ಎಲಿಜಬೆತ್ ಲೈನ್ ಹತ್ತಿದರೆ ಜನ ನನ್ನನ್ನು ಕನ್ನ ಹಾಕಲು ಹೊರಟವಳ ಹಾಗೆ ನೋಡುತ್ತಾರೆ. ಬಾಗಿಲು ತೆಗೆದ ಮನೆಯೊಡತಿ ನನ್ನನ್ನು ನೋಡಿ ಮೊದಲು ಕೇಳಿದ್ದು ಕಾಫಿಯೋ ಟೀಯೋ ಎಂದು. ನಲವತ್ತು ದಾಟಿದ ಹೆಂಗಸು, ಕಣ್ಣಿನ ಕೆಳಗೆ ನಿದ್ದೆಗೆಟ್ಟ ಕಪ್ಪು. ಯಜಮಾನರು ಪಾಳಿ ಮುಗಿಸಿ ಬಂದು ಮಲಗಿದ್ದಾರೆ, ಮಗಳು ಶಾಲೆಗೆ ಹೋಗಿದ್ದಾಳೆ ಎಂದರು. ಕೆಲಸ ಮುಗಿದ ಮೇಲೆ ಕುಡಿಯುತ್ತೇನೆ ಎಂದೆ. ಆ ಕೊಳ್ಳುವವರ ಗತಿ ನನಗೂ ಬರಬಾರದಲ್ಲ.

ನಾವು ಮನೆಯನ್ನು ಹೊರಗಿನಿಂದ ಒಳಕ್ಕೆ ನೋಡುತ್ತೇವೆ. ಹಿತ್ತಲಿಗೆ ಹೋಗಿ ಬೈನಾಕ್ಯುಲರಿನಲ್ಲಿ ಮಾಡನ್ನು ನೋಡಿದೆ. ಹೆಂಚು ಪರವಾಗಿಲ್ಲ, ಮಾಡಿನಂಚಿನ ಮಳೆನೀರಿನ ದೋಣಿ ಒಂದು ಕಡೆ ಜೋತು ಬಿದ್ದಿದೆ. ಪಕ್ಕದ ಮನೆಯೊಂದಿಗೆ ಹಂಚಿಕೊಂಡ ಗೋಡೆಯ ಮೇಲೆ, ಮಾಡಿನ ಹಿಂಭಾಗದಲ್ಲಿ, ಹೊಗೆ ಹೋಗಲು ಕಟ್ಟಿದ ಇಟ್ಟಿಗೆಯ ಚಿಮಣಿ. ಅರ್ಧ ಆ ಮನೆಯದು, ಅರ್ಧ ಈ ಮನೆಯದು. ಇಟ್ಟಿಗೆಗಳ ನಡುವಿನ ಗಾರೆ ಉದುರಿತ್ತು, ಈ ಮನೆಯ ಕಡೆಗೆ ಕೂದಲೆಳೆಯಷ್ಟು ವಾಲಿದ ಹಾಗೆಯೂ ಕಂಡಿತು.

ಚಿಮಣಿ ಎಂದರೆ ಮಾಡಿನ ಮೇಲೆ ಕಾಣುವಷ್ಟೇ ಅಲ್ಲ. ಅದರಡಿ ಪ್ರತಿ ಕೋಣೆಯಲ್ಲೂ ಗೋಡೆಯಿಂದ ಮುಂದಕ್ಕೆ ಚಾಚಿದ ದಪ್ಪನೆಯ ಇಟ್ಟಿಗೆ ಕಂಬವೊಂದು ನೆಲದವರೆಗೂ ಇಳಿದಿರುತ್ತದೆ. ಮೇಲಿನ ಭಾರವನ್ನೆಲ್ಲ ಹೊರುವುದು ಅದೇ. ಅಡುಗೆಮನೆಗೆ ಬಂದೆ. ಕಂಬ ಇರಲಿಲ್ಲ, ಅಲ್ಲಿ ಚೆಂದದ ಕಪಾಟುಗಳಿದ್ದವು. ಅದರ ಮೇಲಿನ ಮಲಗುವ ಕೋಣೆಗೆ ಹೋದೆ. ಅಲ್ಲೂ ಇಲ್ಲ, ಗೋಡೆ ನುಣ್ಣಗೆ ಸಪಾಟಾಗಿತ್ತು. ಜಾಗ ಸಿಗಲಿ ಎಂದು ಹಿಂದೆ ಯಾರೋ ಎರಡೂ ಮಹಡಿಯ ಕಂಬವನ್ನು ಒಡೆದು ತೆಗೆದಿದ್ದರು. ಲಂಡನ್ನಿನಲ್ಲಿ ಇದು ಸರ್ವೇಸಾಮಾನ್ಯ. ತೆಗೆದರೆ ತಪ್ಪಿಲ್ಲ, ಮೇಲೆ ಉಳಿದ ಭಾಗವನ್ನು ಅಟ್ಟದಲ್ಲಿ ಉಕ್ಕಿನ ತೊಲೆಯ ಮೇಲೋ ಗೋಡೆಗೆ ಬಿಗಿದ ಕಬ್ಬಿಣದ ಬ್ರ್ಯಾಕೆಟ್ಟಿನ ಮೇಲೋ ನಿಲ್ಲಿಸಿರಬೇಕು, ಅಷ್ಟೆ. ನಿಲ್ಲಿಸಿದ್ದಾರೋ ಇಲ್ಲವೋ ಎಂದು ತಿಳಿಯಲು ಅಟ್ಟ ಹತ್ತಿಯೇ ನೋಡಬೇಕು.

ಕತ್ತೆತ್ತಿ ಚಾವಣಿ ನೋಡಿದೆ. ಕಂಬ ಇದ್ದಿರಬಹುದಾದ ಜಾಗದ ಸುತ್ತ, ಸುಣ್ಣದ ಅಡಿಯಲ್ಲಿ, ಚೌಕಾಕಾರದ ತೆಳ್ಳನೆಯ ಬಿರುಕು ಓಡಿತ್ತು. ಅದರ ನೇರ ಕೆಳಗೆ ಒಂದು ಮಂಚ, ತಲೆದಿಂಬಿನ ಪಕ್ಕ ಕೆಮಿಸ್ಟ್ರಿ ಪುಸ್ತಕ. ಇಲ್ಲಿ ಯಾರು ಮಲಗುತ್ತಾರೆ ಎಂದು ಕೇಳಿದೆ. ಮಗಳು ಎಂದರು.

ಅಟ್ಟದ ಬಾಗಿಲು ಸಾಮಾನ್ಯವಾಗಿ ಮೆಟ್ಟಿಲ ಮೇಲಿನ ಜಾಗದಲ್ಲಿರುತ್ತದೆ. ಇಲ್ಲಿ ಆ ಜಾಗದ ತುಣುಕನ್ನು ಸಣ್ಣ ಕೋಣೆಯೊಂದಕ್ಕೆ ಸೇರಿಸಿಕೊಂಡಿದ್ದರು. ಆ ಕೋಣೆ ಈಗ ದೇವರ ಕೋಣೆ. ಬಾಗಿಲು ತೆಗೆದರೆ ಎಣ್ಣೆ, ಕರ್ಪೂರ, ಹೂವಿನ ವಾಸನೆ. ನಡುವೆ ಮರದ ಮಂಟಪ, ಅದರಲ್ಲಿ ಕಲಶ, ಗಾಜಿನ ಬುರುಡೆಯೊಳಗೆ ಉರಿಯುವ ನಂದಾದೀಪ. ಮಂಟಪದ ನೇರ ಮೇಲೆ ಅಟ್ಟದ ಬಾಗಿಲು. ಮಂಟಪ ಸರಿಸದೆ ಏಣಿ ಇಡಲು ಜಾಗವೇ ಇರಲಿಲ್ಲ. ಜಾಗವಿದ್ದರೂ ದೇವರ ನೆತ್ತಿಯ ಮೇಲೆ ಕಾಲಿಟ್ಟು ಹತ್ತುವುದನ್ನು ನನ್ನ ಅಮ್ಮ ಸಹಿಸುತ್ತಿರಲಿಲ್ಲ, ಈ ಹೆಂಗಸೂ ಸಹಿಸುವ ಹಾಗೆ ಕಾಣಲಿಲ್ಲ.

"ಬ್ಯಾಂಕಿನವ್ರು ಹೂಂ ಅನ್ನೋ ತನಕ ದೀಪ ಆರಬಾರ್ದು, ಕಲಶ ಕದಲಬಾರ್ದು ಅಂತ ಹರಸ್ಕೊಂಡಿದ್ದೀನಿ," ಎಂದರು. "ಅವ್ರು ಒಪ್ಪಿದ ದಿನಾನೇ ಮಂಗಳಾರತಿ ಮಾಡಿ ಕದಲಿಸ್ತೀನಿ. ಆಮೇಲೆ ನೀವು ಅಟ್ಟ ಹತ್ತಿ, ಬೇಕಾದ್ರೆ ಮಾಡು ಹತ್ತಿ. ಈಗ ಮಾತ್ರ ಕೇಳ್ಬೇಡಿ."

ಬ್ಯಾಂಕಿನ ಕಡೆಯಿಂದ ಬೆಲೆ ಕಟ್ಟಲು ಬಂದಿದ್ದ ಇಂಗ್ಲಿಷರವನು ಬಾಗಿಲಲ್ಲೇ ನಿಂತು, ಪಾಪ, ಕೈಮುಗಿದು ಹೋಗಿದ್ದನಂತೆ. ಕೊಳ್ಳುವವರು ಬಂದಾಗ ಗಂಧ ಹಚ್ಚಿಕೊಂಡು, ಪ್ರಸಾದ ತಿಂದು ಹೋಗಿದ್ದರು. ಹೀಗೆ ಬಂದವರೆಲ್ಲ ಭಕ್ತಿಯಿಂದಲೋ ಮರ್ಯಾದೆಯಿಂದಲೋ ನೋಡದೆ ಬಿಟ್ಟ ಜಾಗ ಅದೊಂದೇ, ನೋಡಲೇಬೇಕಾಗಿದ್ದ ಜಾಗವೂ ಅದೊಂದೇ.

ಅವತ್ತು ನಾನು ಜೋರು ಮಾಡಲಿಲ್ಲ. ಬೇರೆ ದಾರಿ ಹುಡುಕಿದೆ. ಪಕ್ಕದ ಮನೆಯ ಅಟ್ಟದಿಂದ ಏನಾದರೂ ಕಾಣಬಹುದೇ ಎಂದು ಅವರ ಬಾಗಿಲು ಬಡಿದೆ. ಅಲ್ಲಿದ್ದವರು ಬಾಡಿಗೆಯವರು, ಮನೆ ಮಾಲೀಕನನ್ನು ಕೇಳಬೇಕು ಎಂದರು, ಅವನ ಫೋನು ಹತ್ತಲೇ ಇಲ್ಲ. ಕಂಬ ತೆಗೆಯಲು ಯಾರಾದರೂ ಅನುಮತಿ ಪಡೆದಿದ್ದರೇ ಎಂದು ಕೌನ್ಸಿಲ್ಲಿನಲ್ಲಿ, ಅಂದರೆ ಇಲ್ಲಿಯ ನಗರಸಭೆಯಲ್ಲಿ, ವಿಚಾರಿಸಿದೆ. ಅಂಥ ದಾಖಲೆ ಸಿಗಲಿಲ್ಲ ಎಂದು ಉತ್ತರ ಬಂತು. ಸಿಗಲಿಲ್ಲ ಎಂದರೆ ಇಲ್ಲ ಎಂದು ಅರ್ಥವಲ್ಲ, ಹಳೆಯ ಕಾಗದ ಕಳೆದುಹೋಗಿರಲೂಬಹುದು. ಎಲ್ಲ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ.

ಕೊಳ್ಳುವಾತನಿಗೆ ಫೋನು ಮಾಡಿ ಅಟ್ಟ ನೋಡಲಾಗಲಿಲ್ಲ ಎಂದು ಹೇಳಿದೆ. ಹಾಗಂತಲೇ ಒಂದು ಸಾಲು ಬರೆದು ವರದಿ ಮುಗಿಸಿ, ಬ್ಯಾಂಕು ಒಪ್ಪಿದ ಮೇಲೆ ಇನ್ನೊಮ್ಮೆ ಬಂದು ಅಟ್ಟ ನೋಡಿ ಎಂದ. ಅವನ ಮಾತಿನಲ್ಲಿ ತಪ್ಪಿರಲಿಲ್ಲ. ಆ ಸಾಲನ್ನು ನಾವು ದಿನವೂ ಬರೆಯುತ್ತೇವೆ: ಪ್ರವೇಶ ಸಿಗದ ಕಾರಣ ಈ ಭಾಗವನ್ನು ಪರೀಕ್ಷಿಸಿಲ್ಲ. ನಾಳೆ ಏನಾದರೂ ಆದರೆ ಆ ಸಾಲು ನನ್ನನ್ನು ಕಾಪಾಡುತ್ತದೆ, ನನ್ನ ಕಚೇರಿಯನ್ನು ಕಾಪಾಡುತ್ತದೆ. ಕಂಪ್ಯೂಟರಿನ ಮುಂದೆ ಕೂತು ಅದನ್ನು ಬರೆದೂಬಿಟ್ಟೆ. ಬರೆದ ಮೇಲೆ ಆ ಮಂಚ ಕಣ್ಣ ಮುಂದೆ ಬಂತು. ಬ್ಯಾಂಕು ಒಪ್ಪುವುದು ಎರಡು ವಾರಕ್ಕೋ ಎರಡು ತಿಂಗಳಿಗೋ ಯಾರಿಗೆ ಗೊತ್ತು? ಅಷ್ಟು ದಿನ ಆ ಹುಡುಗಿ ಅಲ್ಲೇ ಮಲಗುತ್ತಾಳೆ. ನನಗೆ ಬಂದಿದ್ದು ಬರೀ ಅನುಮಾನ, ಅನುಮಾನವನ್ನು ಹಿಡಿದು ಯಾರಿಗೆ ಏನು ಹೇಳಲಿ? ಬರೆದಿದ್ದನ್ನು ಅಳಿಸಿ, ಮರುದಿನ ಮತ್ತೆ ಏಣಿ ಹೊತ್ತು ಹೊರಟೆ.

ಈ ಸಲ ಹೊಸ್ತಿಲಲ್ಲೇ ನಿಂತು ಎಲ್ಲ ಹೇಳಿದೆ. ಮೇಲೆ ಚಿಮಣಿ ಇದೆ, ಕೆಳಗೆ ಅದನ್ನು ಹೊರುವ ಕಂಬ ಇಲ್ಲ, ನಡುವೆ ಏನಿದೆ ಎಂದು ನನಗೆ ಗೊತ್ತಿಲ್ಲ. ಅರ್ಧ ಚಿಮಣಿ ಎಂದರೂ ಒಂದು ಸಣ್ಣ ಕಾರಿನಷ್ಟು ಭಾರ. ಅದರ ಕೆಳಗೆ ನಿಮ್ಮ ಮಗಳು ಮಲಗುತ್ತಾಳೆ. ಏನೂ ಇಲ್ಲದೆಯೂ ಇರಬಹುದು, ನೋಡಿದರೆ ಹತ್ತು ನಿಮಿಷದಲ್ಲಿ ನಿಮಗೂ ನನಗೂ ನೆಮ್ಮದಿ. ಇಷ್ಟು ಹೇಳಿ, ಇನ್ನೊಂದು ಮಾತನ್ನೂ ಸೇರಿಸಿದೆ. ನಾನು ನಿಮ್ಮ ಪರವಾಗಿ ಬಂದವಳಲ್ಲ, ಕೊಳ್ಳುವವರ ಪರ. ಮೇಲೆ ದೋಷವಿದ್ದರೆ ಬೆಲೆ ಇಳಿಯುತ್ತದೆ, ನಿಮ್ಮ ಹೆಗಲ ಮೇಲೆ ಉಳಿಯುವ ಸಾಲ ಹೆಚ್ಚುತ್ತದೆ. ಅದನ್ನು ಮುಚ್ಚಿಟ್ಟು ಅವರ ದೇವರ ಕೋಣೆಗೆ ಏಣಿ ಇಡಲು ನನಗೆ ಮನಸ್ಸು ಬರಲಿಲ್ಲ.

ಆಕೆ ನನ್ನನ್ನು ಕೂರಿಸಿ ಮೇಲೆ ಹೋದರು. ಬಹಳ ಹೊತ್ತಾದ ಮೇಲೆ ಗಂಟೆಯ ಸದ್ದು ಕೇಳಿಸಿತು, ಕರ್ಪೂರದ ವಾಸನೆ ಮೆಟ್ಟಿಲಿಳಿದು ಬಂತು. ಬನ್ನಿ ಎಂದು ಕರೆದಾಗ ಹೋದೆ. ಆಕೆಯ ಕಣ್ಣು ಕೆಂಪಾಗಿತ್ತು. ಕಲಶವನ್ನು ಎರಡೂ ಕೈಯಲ್ಲಿ ಹಿಡಿದು ಉತ್ತರದ ಕಡೆಗೆ ಸ್ವಲ್ಪ ಸರಿಸಿ, ಒಂದು ಕ್ಷಣ ಹಾಗೇ ನಿಂತು, ಆಮೇಲೆ ಎತ್ತಿಕೊಂಡು ಹೋಗಿ ಕೆಳಗೆ ನಡುಮನೆಯ ಮೇಜಿನ ಮೇಲಿಟ್ಟರು. ದೀಪವನ್ನು ಆರದ ಹಾಗೆ ಸೆರಗು ಮರೆಮಾಡಿ ಒಯ್ದರು. ಖಾಲಿ ಮಂಟಪವನ್ನು ಇಬ್ಬರೂ ಸೇರಿ ಹೊರಗೆ ಸರಿಸಿದೆವು.

"ಹುಷಾರಾಗಿ ಹತ್ತಿ. ಏಣಿ ನಾನು ಹಿಡ್ಕೋತೀನಿ," ಎಂದರು.

ಅಟ್ಟದಲ್ಲಿ ಚಳಿ ತಡೆಯಲು ಹಾಸಿದ ಹಳೆಯ ಉಣ್ಣೆ, ಧೂಳು. ಮುಚ್ಚಿದ ಹೋಟೆಲ್ಲಿನ ಬೋರ್ಡೊಂದು ಗೋಡೆಗೆ ಮುಖ ಮಾಡಿ ಒರಗಿತ್ತು. ಜಂತೆಯಿಂದ ಜಂತೆಗೆ ಮಂಡಿಯೂರಿ ಹಿಂಭಾಗಕ್ಕೆ ಹೋಗಿ ಟಾರ್ಚು ಬಿಟ್ಟೆ. ಉಕ್ಕಿನ ತೊಲೆ ಇರಲಿಲ್ಲ, ಬ್ರ್ಯಾಕೆಟ್ಟೂ ಇರಲಿಲ್ಲ. ಈ ಮನೆಯ ಪಾಲಿನ ಅಷ್ಟೂ ಇಟ್ಟಿಗೆ ಎರಡು ಮರದ ತೊಲೆಗಳ ಮೇಲೆ ನಿಂತಿತ್ತು. ತೊಲೆಗಳ ತುದಿಗಳು ಚಾವಣಿಯ ಜಂತೆಗಳ ಮೇಲೆ, ಸಂದುಗಳಿಗೆ ಹೆಂಚಿನ ಚೂರು ಮತ್ತು ಹಲಗೆ ತುಂಡು ತುರುಕಿದ್ದರು. ಒಂದು ತೊಲೆ ಉದ್ದಕ್ಕೂ ಸೀಳಿತ್ತು. ಹಳೆಯ ಸೀಳಿಗೆ ಧೂಳು ಕೂತು ಕಪ್ಪಾಗಿರುತ್ತದೆ. ಇದರ ಒಳಗಿನ ಮರ ಇನ್ನೂ ಬೆಳ್ಳಗಿತ್ತು, ಅಂದರೆ ಸೀಳಿ ಹೆಚ್ಚು ದಿನವಾಗಿರಲಿಲ್ಲ. ಅದರಡಿ ಬರೀ ಪ್ಲಾಸ್ಟರ್ ಹಲಗೆ, ಹಲಗೆಯ ಅಡಿ ಆ ಮಂಚ. ತೊಲೆ, ಸೀಳು, ಜಂತೆ ಎಲ್ಲದರ ಫೋಟೋ ತೆಗೆದೆ.

ಕೆಳಗಿಳಿದು ಬಂದು, ಮಗಳನ್ನು ಇವತ್ತಿನಿಂದಲೇ ಆ ಕೋಣೆಯಲ್ಲಿ ಮಲಗಿಸಬೇಡಿ, ಅಡುಗೆಮನೆಯ ಆ ಮೂಲೆಯಲ್ಲೂ ನಿಲ್ಲಬೇಡಿ ಎಂದೆ. ನನ್ನ ವರದಿ ಕೊಳ್ಳುವವರಿಗೆ ಸೇರಿದ್ದು, ಅವರನ್ನು ಕೇಳದೆ ಬೇರೆಯವರಿಗೆ ಕೊಡುವಂತಿಲ್ಲ. ಆದರೆ ಜೀವಕ್ಕೆ ಅಪಾಯವಿದ್ದರೆ ಮನೆಯಲ್ಲಿರುವವರಿಗೆ ತಕ್ಷಣ ಹೇಳಬೇಕು, ಅದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ. ಕೌನ್ಸಿಲ್ಲಿನ ಕಟ್ಟಡ ವಿಭಾಗಕ್ಕೆ ಅಲ್ಲಿಂದಲೇ ಫೋನು ಮಾಡಿದೆ. ನನ್ನ ಸ್ಕ್ರೂಡ್ರೈವರಿನಲ್ಲೇ ಮಂಚದ ಕಾಲು ಬಿಚ್ಚಿ, ಇಬ್ಬರೂ ಕೆಳಗೆ ನಡುಮನೆಗೆ ಸಾಗಿಸಿದೆವು.

ಆ ಸದ್ದಿಗೆ ಯಜಮಾನರು ಎದ್ದು ಬಂದರು. ನಡುಮನೆಯಲ್ಲಿ ಕಲಶ, ಮೆಟ್ಟಿಲ ಹತ್ತಿರ ಮಂಟಪ, ಕೈಯಲ್ಲಿ ಮಂಚದ ಹಲಗೆ ಹಿಡಿದ ಅಪರಿಚಿತ ಹೆಂಗಸು. ಏನಾಯಿತೆಂದು ಹೆಂಡತಿ ಹೇಳಿದರು. ಅವರು ನನ್ನನ್ನು ನೋಡಲಿಲ್ಲ, ಹೆಂಡತಿಯನ್ನೇ ನೋಡಿದರು.

"ನಾವು ಬಂದಾಗಿಂದ ನಿಂತೈತೆ. ಈಗ ಬ್ಯಾಂಕಿನವ್ರು ಒಪ್ಪೋ ಹೊತ್ತಿಗೆ ಬೀಳುತ್ತಾ? ಕದಲಿಸ್ಬೇಡ ಅಂದಿದ್ದು ಯಾರು, ನೀನೇ ತಾನೇ?"

ಆಕೆ ಕಾಫಿ ಕೊಡುತ್ತೇನೆ ಎಂದು ಒಳಗೆ ಹೋಗಲು ಹೊರಟವರು, ಅಡುಗೆಮನೆಯ ಆ ಮೂಲೆ ನೆನಪಾಗಿ ಬಾಗಿಲಲ್ಲೇ ನಿಂತುಬಿಟ್ಟರು. ನಾನು ಕುಡಿಯದೆ ಬಂದೆ.

ಅಲ್ಲಿಂದ ಶುರುವಾದದ್ದು ಇನ್ನೊಂದು ಜಗ್ಗಾಟ. ಮಾರಾಟದ ಏಜೆಂಟು ಸುದ್ದಿ ಕೇಳಿ ಕೊಳ್ಳುವಾತನಿಗೆ ಫೋನು ಮಾಡಿದ್ದ. ವರದಿಯನ್ನು ಸದ್ಯಕ್ಕೆ ಯಾರಿಗೂ ತೋರಿಸಬೇಡಿ, ಬ್ಯಾಂಕು ಒಪ್ಪಲಿ, ಗಡುವು ಹತ್ತಿರ ಬಂದಾಗ ಹೊರಗೆ ತೆಗೆಯಿರಿ, ಆಗ ಎಲ್ಲರ ಕುತ್ತಿಗೆಗೆ ಬಂದಿರುತ್ತದೆ, ಕೇಳಿದಷ್ಟು ಇಳಿಸುತ್ತಾರೆ ಎಂದಿದ್ದ. ಏಜೆಂಟು ಕೆಲಸ ಮಾಡುವುದು ಮಾರುವವರ ಪರವಾಗಿ ಎನ್ನುವುದನ್ನು ನೆನಪಿಟ್ಟುಕೊಂಡರೆ ಅವನ ಸಲಹೆಯ ರುಚಿ ಇನ್ನೂ ಚೆನ್ನಾಗಿ ಗೊತ್ತಾಗುತ್ತದೆ. ಅವನಿಗೆ ಹೇಗಾದರೂ ಮಾರಾಟವಾದರೆ ಸಾಕಿತ್ತು.

ಕೊಳ್ಳುವಾತನಿಗೆ ಆಸೆ ಹುಟ್ಟಿತ್ತು. ಅವನನ್ನು ದೂರುವುದಿಲ್ಲ, ಚಿಮಣಿ ಸರಿಪಡಿಸುವ ಖರ್ಚು ಅವನ ಮೇಲೇ ಬೀಳುವಂಥದ್ದು. ಗಂಡ ಹೆಂಡತಿ ಇಬ್ಬರನ್ನೂ ವಿಡಿಯೋ ಕಾಲಿನಲ್ಲಿ ಕೂರಿಸಿ ಹೇಳಿದೆ. ಕೊನೆ ಗಳಿಗೆಯಲ್ಲಿ ತೋರಿಸಿದರೆ ಬ್ಯಾಂಕು ಸುಮ್ಮನೆ ಇಳಿಸುವುದಿಲ್ಲ, ತನ್ನ ಎಂಜಿನಿಯರನ್ನು ಕಳಿಸುತ್ತದೆ, ಮತ್ತೆ ಬೆಲೆ ಕಟ್ಟಿಸುತ್ತದೆ. ಅಷ್ಟರಲ್ಲಿ ಗಡುವು ದಾಟುತ್ತದೆ, ಮನೆ ಕೋರ್ಟಿಗೆ ಹೋಗುತ್ತದೆ. ನಿಮಗೂ ಮನೆ ಇಲ್ಲ, ಅವರಿಗೂ ಇಲ್ಲ. ಈಗಲೇ ಮುಂದಿಟ್ಟರೆ ಬ್ಯಾಂಕು ಎಲ್ಲವನ್ನೂ ಒಂದೇ ಸಲ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ತಡವಾಗುತ್ತದೆ, ಆದರೆ ತಡವಾಗುವುದು ಗಡುವು ಶುರುವಾಗುವ ಮುಂಚೆ.

ಆತ ಮೀನಮೇಷ ಎಣಿಸುತ್ತ ಕೂತ. ಆಕೆಯೇ ಮಾತಾಡಿದಳು.

"ಆ ಹೆಣ್ಮಗಳು ದೇವರನ್ನ ಸರಿಸಿ ಇವರಿಗೆ ದಾರಿ ಬಿಟ್ಟಾಳ. ಅದನ್ನ ಇಟಗೊಂಡು ನಾವು ಆಕಿ ಕುತ್ತಿಗಿ ಹಿಚಕೂದಾ? ನನ್ನ ಕಡಿಂದ ಆಗೂದಿಲ್ರಿ. ಬ್ಯಾಂಕಿಗೆ ಕಳಸ್ರಿ ಅಕ್ಕಾರ."

ಕಳಿಸಿದೆ. ವರದಿ, ಫೋಟೋ, ಸರಿಪಡಿಸಲು ಬೇಕಾಗುವ ಕೆಲಸದ ವಿವರ, ಪಕ್ಕದ ಮನೆಯವರಿಗೆ ಕೊಡಬೇಕಾದ ನೋಟಿಸು, ಎಲ್ಲ. ಬ್ಯಾಂಕಿನಿಂದ ಉತ್ತರವಿಲ್ಲ. ಕೌನ್ಸಿಲ್ಲಿನ ಎಂಜಿನಿಯರು ಮಾತ್ರ ಬೇಗ ಬಂದ, ಅಟ್ಟ ನೋಡಿ ಇಳಿದು ಬಂದವನು ತಲೆಯಾಡಿಸಿದ. ಅಡುಗೆಮನೆಯಲ್ಲಿ ಚಾವಣಿಗೆ ಆಸರೆಯಾಗಿ ಕಬ್ಬಿಣದ ಊರುಗೋಲುಗಳು ನಿಂತವು, ಮೇಲಿನ ಕೋಣೆಯಲ್ಲೂ ನಿಂತವು, ಆ ಕೋಣೆಗೆ ಬೀಗ ಬಿತ್ತು. ಆ ಊರುಗೋಲುಗಳ ನಡುವೆಯೇ ಮನೆಯೊಡತಿ ಅಡುಗೆ ಮಾಡುತ್ತಿದ್ದರು.

ವಾರಗಳು ಉರುಳಿದವು. ಬ್ಯಾಂಕಿಗೆ ಫೋನು ಮಾಡಿದರೆ ಪ್ರತಿ ಸಲ ಹೊಸಬರು ಸಿಗುತ್ತಿದ್ದರು, ಪ್ರತಿ ಸಲ ಚಿಮಣಿಯ ಕತೆಯನ್ನು ಮೊದಲಿನಿಂದ ಹೇಳಬೇಕಿತ್ತು. ಕೋರ್ಟಿನ ತಾರೀಖು ಹತ್ತಿರ ಬಂತು. ಮಾರುವವರ ವಕೀಲರು ನನ್ನ ವರದಿಯನ್ನೇ ಮುಂದಿಟ್ಟು, ಮಾರಾಟ ನಿಜವಾಗಿ ನಡೆಯುತ್ತಿದೆ, ತಡವಾಗಿರುವುದು ಇದರಿಂದ ಎಂದು ಕಾಲಾವಕಾಶ ಕೇಳಿದರು. ಸ್ವಲ್ಪ ಸಿಕ್ಕಿತು. ಆ ದಿನಗಳಲ್ಲಿ ಬೇರೆ ಮನೆಗಳನ್ನು ನೋಡುವಾಗಲೂ, ಹೇಸ್‌ನಲ್ಲಿ ಏನಾದರೂ ಬೀಗ ಬದಲಿಸಿಬಿಟ್ಟರೇ ಎಂದು ಫೋನು ತೆಗೆದು ತೆಗೆದು ನೋಡುತ್ತಿದ್ದೆ. ವರದಿ ಕಳಿಸುವುದು ನನ್ನ ಹಟವಾಗಿತ್ತು. ಆ ಹಟದಿಂದ ಒಂದು ಸಂಸಾರ ಬೀದಿಗೆ ಬಿದ್ದರೆ ಯಾವ ಮುಖ ಹೊತ್ತು ತಿರುಗಲಿ?

ಕೊನೆಗೆ ಬ್ಯಾಂಕು ತನ್ನ ಎಂಜಿನಿಯರನ್ನು ಕಳಿಸಿ, ಮತ್ತೆ ಬೆಲೆ ಕಟ್ಟಿಸಿ, ಒಪ್ಪಿತು. ಮೊದಲಿನ ಬೆಲೆಗಲ್ಲ, ತುಂಬ ಕೆಳಗಿನ ಬೆಲೆಗೆ. ಗಡುವಿನೊಳಗೆ ಮಾರಾಟ ಮುಗಿಯಿತು. ಯಾರೂ ಬಂದು ಬೀಗ ಬದಲಿಸಲಿಲ್ಲ. ಮಾರಿದವರು ತಾವೇ ಬೀಗದ ಕೈ ಕೊಟ್ಟು, ಈಸ್ಟ್ ಹ್ಯಾಮ್‌ನಲ್ಲಿ ಬಾಡಿಗೆಗೆ ಹಿಡಿದ ಎರಡು ಕೋಣೆಗಳಿಗೆ ಹೋದರು. ಬೆಲೆ ಇಳಿದಷ್ಟೂ ಅವರ ಸಾಲ ಉಳಿಯಿತು. ಇನ್ನೂ ಬಹಳ ವರ್ಷ ತಿಂಗಳು ತಿಂಗಳು ಕಟ್ಟುತ್ತ ಹೋಗಬೇಕು. ಕೊಂಡವರು ಮೊದಲು ಚಿಮಣಿ ಇಳಿಸಿದರು, ಒಂದೊಂದೇ ಇಟ್ಟಿಗೆ ಕೈಯಿಂದ ಕಿತ್ತು. ಇಳಿಸುವಾಗ ಏನೂ ಬೀಳಲಿಲ್ಲ, ಆ ಸೀಳಿದ ತೊಲೆ ಕೊನೆಯವರೆಗೂ ನಿಂತೇ ಇತ್ತು.

ಅದಾದ ಕೆಲವು ವಾರಕ್ಕೆ ಮನೆ ಮಾರಿದಾಕೆಯ ಫೋನು ಬಂತು. ಮೊದಲು ನನ್ನ ಆರೋಗ್ಯ ವಿಚಾರಿಸಿದರು, ಕಾಫಿ ಕುಡಿಯದೆ ಹೋದಿರಿ ಎಂದರು. ಮಗಳ ಪರೀಕ್ಷೆ ಹತ್ತಿರ ಬಂದಿದೆಯಂತೆ. ಆಮೇಲೆ ದನಿ ಬದಲಾಯಿತು.

"ಇವ್ರು ನಂಜೊತೆ ಸರಿಯಾಗಿ ಮಾತಾಡ್ತಿಲ್ಲ. ಹರಕೆ ಮುರ್ದೆ, ಅದಕ್ಕೇ ಬೆಲೆ ಬಿತ್ತು ಅಂತಾರೆ. ಚಿಮಣಿ ಇಳಿಸಿದ್ರಂತಲ್ಲ, ಆ ಏಜೆಂಟ್ ಇವ್ರಿಗೆ ಹೇಳಿದ್ನಂತೆ, ಏನೂ ಆಗಿರ್ಲಿಲ್ಲ, ಗಟ್ಟಿಯಾಗೇ ಇತ್ತು ಅಂತ. ನಾನು ಏನೂ ಹೇಳಲ್ಲ. ಇವ್ರು ಪಾಳಿಗೆ ಹೋದ್ಮೇಲೆ ಮಗಳ ಪಕ್ಕ ಹೋಗಿ ಮಲ್ಕೋತೀನಿ, ಅವಳ ಉಸಿರು ಕೇಳ್ತಾ ಇರ್ತೀನಿ. ಒಂದೇ ಮಾತು ಹೇಳಿ ಮೇಡಂ. ಅದು ಬೀಳ್ತಿತ್ತು ತಾನೇ?"

ನಮ್ಮ ಕೆಲಸದಲ್ಲಿ ಹಾಗೆ ಹೇಳುವ ಪದ್ಧತಿಯಿಲ್ಲ. ಬೀಳುವ ಸಾಧ್ಯತೆ ಇದೆ ಎನ್ನುತ್ತೇವೆ, ಅಪಾಯ ತಳ್ಳಿಹಾಕುವಂತಿಲ್ಲ ಎನ್ನುತ್ತೇವೆ. ಆ ತೊಲೆ ಅದೇ ವಾರ ಮುರಿಯುತ್ತಿತ್ತೋ, ಆ ಹುಡುಗಿ ಮದುವೆಯಾಗಿ ಹೋಗುವ ತನಕ ನಿಲ್ಲುತ್ತಿತ್ತೋ, ಅದನ್ನು ಕಣ್ಣಾರೆ ನೋಡಿದ ನನಗೂ ಗೊತ್ತಿಲ್ಲ, ಯಾವ ಎಂಜಿನಿಯರಿಗೂ ಗೊತ್ತಿಲ್ಲ. ಫೋನಿನ ಆ ಕಡೆ ಆಕೆ ಕಾಯುತ್ತಿದ್ದರು.

"ಬೀಳ್ತಿತ್ತು ಕಣಮ್ಮ," ಎಂದೆ.